ಸಂದೂಕದ ತಳದಲ್ಲಿ ಸಿಕ್ಕ ಮಡಚುವ ಚಾಕು: ಊರು, ಕಾಲ, ಕೆಲಸ ಗುರುತಿಸುವ ಬಗೆ

ಒರೆಸಬೇಡಿ. ಸದ್ಯಕ್ಕೆ ಇಷ್ಟೇ.

ಮಾಳಿಗೆ ಮನೆ ಇಳಿಸುವಾಗ ಗೋಡೆಯ ಮಾಡದಲ್ಲಿ, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಬಂದ ಟ್ರಂಕುಗಳಲ್ಲಿ, ಬೆಳಗಾವಿ ಕಡೆಯ ನಿವೃತ್ತ ಸೈನಿಕರ ಪೆಟ್ಟಿಗೆಗಳಲ್ಲಿ ಇಂಥ ಚಾಕುಗಳು ಈಗಲೂ ಸಿಗುತ್ತವೆ. ಸಿಕ್ಕ ಕೂಡಲೇ ಮರಳು ಕಾಗದ ಹಚ್ಚಿ ತಿಕ್ಕುವವರೇ ಹೆಚ್ಚು. ಕೆಲವರು ನೇರವಾಗಿ ಸಾಣೆ ಹಿಡಿಯುವವರ ಕೈಗೇ ಕೊಡುತ್ತಾರೆ. ಚಾಕುವಿನ ಹೆಸರು, ಊರು, ಕೆಲವೊಮ್ಮೆ ಇಸವಿ ಎಲ್ಲವೂ ಅಲಗಿನ ಬುಡದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಕೂದಲೆಳೆಯ ಆಳದ ಅಚ್ಚಿನಲ್ಲಿರುತ್ತವೆ. ಸಾಣೆಕಲ್ಲು ಎರಡು ಸುತ್ತು ತಿರುಗಿದರೆ ಅದು ಹೋಯಿತು, ಮತ್ತೆ ಬರುವುದಿಲ್ಲ. ಆದ್ದರಿಂದ ಓದುವ ಕೆಲಸ ಮೊದಲು, ಒರೆಸುವುದು ಆಮೇಲೆ.

ಬೆಳಗಾವಿ, ವಿಜಯಪುರ, ಬಾಗಲಕೋಟೆ, ಈ ಮೂರು ಜಿಲ್ಲೆಗಳಲ್ಲಿ ಪರದೇಶಿ ಚಾಕು ಸಿಗುವುದಕ್ಕೆ ಕಾರಣವಿದೆ. ಬೆಳಗಾವಿ ಮತ್ತು ಅಂದಿನ ಬಿಜಾಪುರ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮುಂಬಯಿ ಬಂದರಿನಲ್ಲಿ ಇಳಿದ ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ಸರಕು ರೈಲಿನಲ್ಲಿ ಇಲ್ಲಿನ ಪೇಟೆಗಳಿಗೆ ಬರುತ್ತಿತ್ತು. ಬೆಳಗಾವಿ ದಂಡಿನ ಊರು, ಮರಾಠಾ ಲಘು ಪದಾತಿ ದಳದ ಕೇಂದ್ರ. ಹಾಗಾಗಿ ಸೈನ್ಯದ ಚಾಕುಗಳೂ ಮನೆಮನೆಗೆ ಹೋಗಿವೆ. ಇವೆಲ್ಲದರ ನಡುವೆ ನಮ್ಮ ಕಂಬಾರರೇ ಬಡಿದು ಮಾಡಿದ ಚಾಕುಗಳೂ ಇವೆ. ಅವುಗಳ ವಿಚಾರ ಮುಂದೆ ಬರುತ್ತದೆ.

ಕಚ್ಚಿಕೊಂಡ ಅಲಗು ತೆರೆಯುವುದು

ಅಚ್ಚು ಓದಬೇಕಾದರೆ ಅಲಗು ತೆರೆಯಬೇಕು. ಹಳೆಯ ಚಾಕು ಹೆಚ್ಚಾಗಿ ಹಾಳಾಗುವುದೂ ಈ ಹೊತ್ತಿನಲ್ಲೇ. ಉಗುರು ಸಿಕ್ಕಿಸುವ ಗೀರಿಗೆ ಇಕ್ಕಳ ಹಾಕಿ ಜಗ್ಗಿದರೆ ಗೀರಿನ ಅಂಚು ಒಡೆಯುತ್ತದೆ, ಇಲ್ಲವೇ ಬೆನ್ನಿನ ಸ್ಪ್ರಿಂಗ್ ನಡುಮಧ್ಯದ ರಿವೆಟ್ ಹತ್ತಿರ ಟಕ್ ಎಂದು ಮುರಿಯುತ್ತದೆ. ತುಕ್ಕು ಆ ರಿವೆಟ್‌ನ ತೂತಿನ ಸುತ್ತ ಒಳಗೊಳಗೇ ತಿಂದಿರುತ್ತದೆ. ಹೊರಗಿನಿಂದ ನೋಡಿದರೆ ಅದು ತಿಳಿಯುವುದಿಲ್ಲ.

ಅಲಗು ತಿರುಗುವ ಕೀಲು ಕೆಳಗೆ ಬರುವಂತೆ ಚಾಕುವನ್ನು ಒಂದು ಲೋಟದಲ್ಲಿ ಬಟ್ಟೆ ತುಂಬಿ ಓರೆಯಾಗಿ ನಿಲ್ಲಿಸಿ. ಅಲಗಿನ ಬುಡದ ಎರಡೂ ಪಕ್ಕದ ಸಂದಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡೆರಡು ಹನಿ ಬಿಟ್ಟು, ಒಂದು ರಾತ್ರಿ, ಅಂದರೆ 10ರಿಂದ 12 ಗಂಟೆ ಬಿಡಿ. ಬೆಳಿಗ್ಗೆ ಹಿಡಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಡಿದು, ಅಲಗನ್ನು ಎರಡು ಮಿಲಿಮೀಟರ್ ಎತ್ತಿ ಮತ್ತೆ ಕೂರಿಸಿ. ಹೀಗೆ ಹತ್ತಾರು ಬಾರಿ ಮಾಡಿದರೆ ಕಂದು ಬಣ್ಣದ ಕೆಸರು ಹೊರಬರುತ್ತದೆ. ಅದನ್ನು ಅರಿವೆಗೆ ಒರೆಸಿ, ಇನ್ನೊಂದು ಹನಿ ಎಣ್ಣೆ ಬಿಡಿ. ಅಲಗಿನ ಬಾಯಿ, ಅಂದರೆ ಹರಿತದ ಅಂಚು, ನಿಮ್ಮ ಬೆರಳುಗಳ ಕಡೆಗೆ ಇರಬಾರದು. ಸ್ಪ್ರಿಂಗ್ ಬಿಟ್ಟುಕೊಂಡರೆ ಅಲಗು ಒಮ್ಮೆಲೇ ಮುಚ್ಚಿ ಬೆರಳು ಕತ್ತರಿಸುತ್ತದೆ. ಮೂರು ದಿನ ಹೀಗೆ ಮಾಡಿದರೂ ಜಗ್ಗದಿದ್ದರೆ ಇನ್ನೂ ಮೂರು ದಿನ ಮಾಡಿ. ಅವಸರಕ್ಕೆ ಇಲ್ಲಿ ಜಾಗವಿಲ್ಲ.

ಅಡುಗೆ ಎಣ್ಣೆ ಮಾತ್ರ ಬೇಡ. ನಮ್ಮ ಕಡೆ ಕೈಗೆ ಮೊದಲು ಸಿಗುವುದು ಶೇಂಗಾ ಎಣ್ಣೆ, ಕುಸುಬಿ ಎಣ್ಣೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ವಾರ್ನಿಶ್‌ನಂತೆ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ. ಅಜ್ಜನ ಕಾಲದಲ್ಲಿ ಅಕ್ಕರೆಯಿಂದ ಹಚ್ಚಿದ ಇಂಥ ಎಣ್ಣೆಯೇ ಎಷ್ಟೋ ಚಾಕುಗಳು ಇವತ್ತು ಕಚ್ಚಿಕೊಂಡಿರುವುದಕ್ಕೆ ಕಾರಣ. ಬಿಸಿನೀರಿನಲ್ಲಿ ಮುಳುಗಿಸುವುದೂ ಬೇಡ, ಎಲುಬಿನ ಹಿಡಿ ಸೀಳುತ್ತದೆ, ಕೊಂಬಿನ ಹಿಡಿ ಬಾಗುತ್ತದೆ. ಸೀಮೆಎಣ್ಣೆ ತುಕ್ಕಿಗೆ ಒಳ್ಳೆಯದೇ. ಆದರೆ ಹಿಡಿ ಯಾವುದರದ್ದು ಎಂದು ತಿಳಿಯುವವರೆಗೆ ಅದನ್ನು ದೂರವಿಡಿ.

ತೆರೆದಾಗ ಕಿವಿ ಕೊಡಿ. ಗಟ್ಟಿ ಸ್ಪ್ರಿಂಗ್ ಇರುವ ಚಾಕು ಪೂರ್ತಿ ತೆರೆದಾಗ ಟಕ್ ಎಂದು ಕೂರುತ್ತದೆ. ಕೆಲವು ಚಾಕುಗಳಲ್ಲಿ ಅರ್ಧ ತೆರೆದಾಗಲೂ ಒಮ್ಮೆ ನಿಲ್ಲುತ್ತದೆ, ಏಕೆಂದರೆ ಅಲಗಿನ ಬುಡ ಚೌಕವಾಗಿರುತ್ತದೆ. ಸದ್ದೇ ಇಲ್ಲದೆ ಜೋತುಬಿದ್ದರೆ ಸ್ಪ್ರಿಂಗ್ ಮುರಿದಿದೆ, ಅಥವಾ ಆ ಚಾಕುವಿಗೆ ಸ್ಪ್ರಿಂಗೇ ಇಲ್ಲ. ಎರಡರಲ್ಲಿ ಯಾವುದು ಎಂದು ಬೆನ್ನು ನೋಡಿದರೆ ಗೊತ್ತಾಗುತ್ತದೆ. ಹಿಡಿಯೊಳಗಿನ ಎರಡು ತಗಡುಗಳ ನಡುವೆ ಉಕ್ಕಿನ ಪಟ್ಟಿ ಉದ್ದಕ್ಕೂ ಕಂಡರೆ ಅದು ಸ್ಪ್ರಿಂಗ್.

ಅಚ್ಚು ಓದುವುದು

ಅಚ್ಚು ಅಲಗಿನ ಬುಡದ ಎರಡೂ ಬದಿಗೆ ಇರಬಹುದು, ಎರಡನೇ ಅಲಗಿದ್ದರೆ ಅದರ ಮೇಲೂ ಇರಬಹುದು. ಎಲ್ಲವನ್ನೂ ನೋಡಿ. ರಾತ್ರಿ, ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಅಲಗಿಗೆ ಹೆಚ್ಚುಕಡಿಮೆ ಸಮನಾಗಿ ಮಲಗಿಸಿ ಹಿಡಿಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ, ಪಕ್ಕದಿಂದ ಬಿಟ್ಟರೆ ಅಕ್ಷರದ ಒಂದು ಅಂಚಿಗೆ ನೆರಳು ಬೀಳುತ್ತದೆ. ಟಾರ್ಚನ್ನು ಗಡಿಯಾರದ ಮುಳ್ಳಿನಂತೆ ಸುತ್ತಲೂ ಸರಿಸುತ್ತ ಎಂಟು ದಿಕ್ಕಿನಿಂದ ಎಂಟು ಫೋಟೊ ತೆಗೆಯಿರಿ. ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಮಸೂರ ಸಿಕ್ಕರೆ ಇನ್ನೂ ಒಳ್ಳೆಯದು.

ಅದೂ ಸಾಲದಿದ್ದರೆ ಟಾಲ್ಕಂ ಪೌಡರ್ ಒಂದು ಚಿಟಿಕೆ ಬೆರಳಿನಿಂದ ಸವರಿ, ಮೇಲಿನದನ್ನು ಒಣ ಬಟ್ಟೆಯಿಂದ ತೆಗೆಯಿರಿ. ಬಿಳಿ ಪುಡಿ ಅಚ್ಚಿನೊಳಗೆ ಉಳಿಯುತ್ತದೆ. ಗುಳಿ ತುಕ್ಕು ಹೆಚ್ಚಿದ್ದರೆ ಪುಡಿ ಎಲ್ಲ ಗುಳಿಗೂ ತುಂಬಿ ಗೊಂದಲವಾಗುತ್ತದೆ. ಆಗ ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲನ್ನು ಓರೆಯಾಗಿ ಆಡಿಸಿ, ಮಕ್ಕಳು ನಾಣ್ಯದ ಚಿತ್ರ ತೆಗೆಯುವಂತೆ. ತುಕ್ಕು ಅಡ್ಡ ಬಂದಿದ್ದರೆ ಎಣ್ಣೆ ಹಚ್ಚಿದ ಬಿದಿರಿನ ಕಡ್ಡಿಯಿಂದ ಅಕ್ಷರದೊಳಗೆ ಮಾತ್ರ ಕೆದಕಿ. ಸೂಜಿ ಬೇಡ, ಅದು ಹೊಸ ಗೀರು ಹಾಕುತ್ತದೆ. ಆ ಗೀರನ್ನೇ ನೀವು ನಾಳೆ ಅಕ್ಷರ ಎಂದು ಓದುವಿರಿ.

ಓದಿದ್ದನ್ನು ಇದ್ದಂತೆ ಬರೆದುಕೊಳ್ಳಿ. ಕಾಣದ ಅಕ್ಷರಕ್ಕೆ ಚುಕ್ಕೆ ಇಡಿ, ಊಹೆಯಿಂದ ತುಂಬಬೇಡಿ. 'ರಾಜರ್ಸ್' ಹೆಸರಿನಲ್ಲಿ ಇಂಗ್ಲಿಷಿನ 'ಡಿ' ಇದೆಯೋ ಇಲ್ಲವೋ ಎಂಬುದೇ ಅಸಲು ನಕಲಿಯ ಪ್ರಶ್ನೆಯಾಗುತ್ತದೆ. ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಆಂಡ್ ಸನ್ಸ್ ಹೆಸರಿಗೆ ಆ 'ಡಿ' ಬೇಕೇ ಬೇಕು. ಜೊತೆಗೆ ಆ ಮನೆತನದ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಗುರುತು ಇರಬೇಕು. ಹೆಸರು ಹತ್ತಿರಹತ್ತಿರ ಇದ್ದು ಗುರುತು ಇಲ್ಲದಿದ್ದರೆ ಅನುಮಾನ ಪಡಿ. ಬೇಡಿಕೆ ಹೆಚ್ಚಿದ್ದ ಹೆಸರಿಗೇ ನಕಲು ಹೆಚ್ಚು.

ಗುರುತುಗಳು ಹೇಳುವ ಕಾಲ

ಒಂದು ನಿಯಮ ಮನಸ್ಸಿನಲ್ಲಿರಲಿ. ಪ್ರತಿ ಗುರುತೂ "ಇದಕ್ಕಿಂತ ಹಿಂದಿನದಲ್ಲ" ಎಂದಷ್ಟೇ ಹೇಳುತ್ತದೆ. ಇದೇ ವರ್ಷದ್ದು ಎಂದು ಹೇಳುವ ಗುರುತು ಬಹಳ ಕಡಿಮೆ. ಅಚ್ಚಿನ ಮೊಳೆ ಸವೆಯುವವರೆಗೂ ಕಾರ್ಖಾನೆಯವರು ಅದನ್ನೇ ಬಡಿಯುತ್ತಿದ್ದರು. ಹಾಗಾಗಿ ಚಾಕುವಿನ ಮೇಲಿರುವ ಎಲ್ಲ ಗುರುತುಗಳಲ್ಲಿ ಯಾವುದು ತೀರ ಈಚಿನದೋ ಅದರ ಮಾತನ್ನೇ ನಂಬಬೇಕು.

ಇಂಗ್ಲೆಂಡಿನ ಚಾಕುಗಳಲ್ಲಿ ಕಿರೀಟದ ಎರಡು ಬದಿಗೆ ಎರಡಕ್ಷರ ಇರುತ್ತವೆ. 'ವಿ ಆರ್' ಎಂದರೆ ವಿಕ್ಟೋರಿಯಾ ರಾಣಿ, 1837ರಿಂದ 1901. 'ಇ ಆರ್' ಏಳನೇ ಎಡ್ವರ್ಡ್ ಇರಬಹುದು, 1901ರಿಂದ 1910, ಅಥವಾ ಎರಡನೇ ಎಲಿಜಬೆತ್ ರಾಣಿ, 1952ರಿಂದ ಈಚೆ. 'ಜಿ ಆರ್' ಐದನೇ ಜಾರ್ಜ್ ಇರಬಹುದು, 1910ರಿಂದ 1936, ಅಥವಾ ಆರನೇ ಜಾರ್ಜ್, 1952ರವರೆಗೆ. 1830ಕ್ಕಿಂತ ಹಿಂದಿನ ಜಾರ್ಜ್‌ಗಳದ್ದೂ ಇದೇ ಎರಡಕ್ಷರ ಎಂಬುದನ್ನು ಮರೆಯಬೇಡಿ. 'ಐ ಎಕ್ಸ್ ಎಲ್' ಎಂದು ಇದ್ದು, 'ಐ' ಆದಮೇಲೆ ನಕ್ಷತ್ರವಿದ್ದರೆ ಅದು ಶೆಫೀಲ್ಡ್‌ನ ಜಾರ್ಜ್ ವೊಸ್ಟೆನ್‌ಹೋಮ್ ಕಂಪನಿಯದು.

ಕೈಕೈ ಹಿಡಿದ ಇಬ್ಬರು ಅವಳಿಗಳ ಗೊಂಬೆ ಕಂಡರೆ ಸೋಲಿಂಗೆನ್‌ನ ಹೆಂಕೆಲ್ಸ್. ಆ ಗುರುತು ನೋಂದಣಿಯಾದದ್ದು 1731ರಲ್ಲಿ, ಇಂದಿಗೂ ಬಳಕೆಯಲ್ಲಿದೆ, ಆದ್ದರಿಂದ ಕಾಲ ಹೇಳುವುದಕ್ಕೆ ಅದೊಂದೇ ಉಪಯೋಗವಿಲ್ಲ. ದೇಶದ ಹೆಸರು ಹೆಚ್ಚು ಸಹಾಯ ಮಾಡುತ್ತದೆ. ಬ್ರಿಟನ್ನಿನಲ್ಲಿ 1887ರಲ್ಲಿ, ಭಾರತದಲ್ಲಿ 1889ರಲ್ಲಿ ಸರಕಿನ ಗುರುತುಗಳ ಕಾಯ್ದೆ ಬಂದ ಮೇಲೆ 'ಜರ್ಮನಿ' ಎಂದು ಒತ್ತುವುದು ರೂಢಿಯಾಯಿತು. 'ವೆಸ್ಟ್ ಜರ್ಮನಿ' ಇದ್ದರೆ 1949ರಿಂದ 1990ರ ನಡುವಿನದು, ಇದರಲ್ಲಿ ಅನುಮಾನವಿಲ್ಲ. 'ಸ್ಟೇನ್‌ಲೆಸ್', 'ರೋಸ್ಟ್‌ಫ್ರೈ', 'ಇನಾಕ್ಸ್' ಮೂರೂ ತುಕ್ಕು ಹಿಡಿಯದ ಉಕ್ಕಿಗೆ ಬೇರೆಬೇರೆ ಭಾಷೆಯ ಹೆಸರು. ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಆ ಉಕ್ಕು ಮಾಡಿದ್ದು 1913ರಲ್ಲಿ. ಅಂದರೆ ಈ ಪದವಿರುವ ಚಾಕು ವಿಕ್ಟೋರಿಯಾ ಕಾಲದ್ದಾಗುವುದು ಸಾಧ್ಯವೇ ಇಲ್ಲ, ಮಾರುವವರು ಏನೇ ಹೇಳಲಿ.

ಸ್ವಿಸ್ ಚಾಕುವಿನ ಕೆಂಪು ಹಿಡಿ, ಬಿಳಿ ಶಿಲುಬೆ ಎಲ್ಲರಿಗೂ ಪರಿಚಯ. ಕಂಪನಿ 'ವಿಕ್ಟೋರಿಯಾ' ಹೆಸರು ಇಟ್ಟುಕೊಂಡದ್ದು 1909ರಲ್ಲಿ, 'ಇನಾಕ್ಸ್' ಸೇರಿ ವಿಕ್ಟೋರಿನಾಕ್ಸ್ ಆದದ್ದು 1921ರಲ್ಲಿ. ಹಿಡಿಯ ಮೇಲೆ ಶಿಲುಬೆ ಇದ್ದು ಅಲಗಿನ ಬುಡ ಖಾಲಿ ಇದ್ದರೆ ಅದು ಬಹುಮಟ್ಟಿಗೆ ನಕಲು. ಮರದ ದುಂಡು ಹಿಡಿ, ಕೊರಳಲ್ಲಿ ತಿರುಗುವ ಉಕ್ಕಿನ ಉಂಗುರ ಇದ್ದರೆ ಫ್ರಾನ್ಸಿನ ಒಪಿನೆಲ್. ಉಂಗುರ ಸೇರಿದ್ದು 1955ರಲ್ಲಿ. ಹೆಬ್ಬೆರಳಿನಿಂದ ತೆರೆಯಲು ಅಲಗಿನಲ್ಲಿ ದುಂಡು ತೂತು, ಜೇಬಿಗೆ ಸಿಕ್ಕಿಸುವ ಕ್ಲಿಪ್ ಎರಡೂ ಇದ್ದರೆ 1981ರ ಈಚಿನದು, ಅಜ್ಜನದಲ್ಲ.

ಪೆಟ್ಟಿಗೆ ಅಥವಾ ಚೀಟಿ ಉಳಿದಿದ್ದರೆ ಅದನ್ನು ಚಾಕುವಿನಷ್ಟೇ ಜೋಪಾನ ಮಾಡಿ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಮೊದಲಿನದು ಎಂದು ಹಿಡಿಯಬಹುದು. 'ನಯೇ ಪೈಸೆ' ಇದ್ದರೆ 1957–64. ಅಂಗಡಿಯ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ನಂತರದ್ದು.

ಹಿಡಿ ಯಾವುದರದ್ದು

ಎಮ್ಮೆ ಕೊಂಬು ಕಪ್ಪಗೆ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಂದು ಎಳೆಗಳು ಕಾಣುತ್ತವೆ. ವಿಜಯಪುರದ ಒಣ ಬಿಸಿಲಿಗೆ ಅದು ಕುಗ್ಗಿ, ರಿವೆಟ್ ಸುತ್ತ ಸೀಳಿ, ತುದಿಗಳಲ್ಲಿ ತಗಡಿನಿಂದ ಮೇಲೇಳುತ್ತದೆ. ಹುಳ ತಿಂದ ಸಣ್ಣ ಗುಳಿಗಳಿದ್ದರೆ ಅದು ಕೊಂಬೇ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಪ್ಲಾಸ್ಟಿಕ್ಕನ್ನು ಹುಳ ತಿನ್ನುವುದಿಲ್ಲ. ಎಲುಬಿನಲ್ಲಿ ಮಸೂರದಡಿ ಸಣ್ಣ ಕಪ್ಪು ಚುಕ್ಕೆಗಳು, ಗೆರೆಗಳು ಕಾಣುತ್ತವೆ, ಅವು ರಕ್ತನಾಳ ಹೋಗುತ್ತಿದ್ದ ದಾರಿಗಳು. ದಂತದಲ್ಲಿ ಆ ಚುಕ್ಕೆಗಳಿಲ್ಲ, ಕತ್ತರಿಸಿದ ತುದಿಯಲ್ಲಿ ಒಂದನ್ನೊಂದು ದಾಟುವ ಬಲೆಯಂಥ ಗೆರೆಗಳಿರುತ್ತವೆ. ಜಿಂಕೆ ಜಾತಿಯ ಕೋಡಿನ ಹಿಡಿ ಮರದ ತೊಗಟೆಯಂತೆ ಒರಟು, ಎರಡು ಬದಿ ಒಂದೇ ರೀತಿ ಇರುವುದಿಲ್ಲ.

ಸೆಲ್ಯುಲಾಯ್ಡ್ ವಿಚಾರದಲ್ಲಿ ಎಚ್ಚರ ಬೇಕು. ಆಮೆ ಚಿಪ್ಪಿನ ಬಣ್ಣ, ಮುತ್ತಿನ ಹೊಳಪು, ಕ್ಯಾಂಡಿಯಂಥ ಪಟ್ಟೆ, ಹೀಗೆ ಎಲ್ಲ ವೇಷದಲ್ಲೂ ಅದು ಬಂದಿದೆ. ಬಳಕೆ 1870ರ ದಶಕದಿಂದ. ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಹಳೆಯ ಉಪಾಯವನ್ನು ಇಲ್ಲಿ ಮಾಡಲೇಬೇಡಿ, ಭಗ್ಗನೆ ಹತ್ತಿಕೊಳ್ಳುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಸೆಖೆಗೆ ಸೆಲ್ಯುಲಾಯ್ಡ್ ತಾನಾಗಿ ಕೊಳೆಯತೊಡಗಿ ಆಮ್ಲದ ಹಬೆ ಬಿಡುತ್ತದೆ. ಹಿಡಿಯ ಪಕ್ಕದ ಅಲಗಿಗೆ ಮಾತ್ರ ವಿಪರೀತ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು ಕಂಡರೆ ಕಾರಣ ಇದೇ. ಅಂಥ ಚಾಕುವನ್ನು ಬೇರೆ ಚಾಕುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಅವನ್ನೂ ತಿನ್ನುತ್ತದೆ.

ಹಿಡಿಯ ಒಳತಗಡಿಗೆ ಅಯಸ್ಕಾಂತ ಹಿಡಿದು ನೋಡಿ. ಹಿತ್ತಾಳೆಗೂ ಜರ್ಮನ್ ಸಿಲ್ವರ್‌ಗೂ ಅಂಟುವುದಿಲ್ಲ, ಕಬ್ಬಿಣಕ್ಕೆ ಅಂಟುತ್ತದೆ. ಆದರೆ ಅಲಗು ಸ್ಟೇನ್‌ಲೆಸ್ ಹೌದೋ ಅಲ್ಲವೋ ಎಂದು ಅಯಸ್ಕಾಂತದಿಂದ ತಿಳಿಯದು. ಚಾಕುವಿಗೆ ಬಳಸುವ ಸ್ಟೇನ್‌ಲೆಸ್‌ಗೂ ಅದು ಅಂಟುತ್ತದೆ. ಪಾತ್ರೆ ಅಂಗಡಿಯ ಪರೀಕ್ಷೆಯನ್ನು ಚಾಕುವಿಗೆ ಹಚ್ಚಿ ಅನೇಕರು ಮೋಸಹೋಗುತ್ತಾರೆ. ಬೂದು ನೀಲಿ ಛಾಯೆ ಇಡೀ ಅಲಗಿಗೆ ಹರಡಿದ್ದರೆ ಸಾದಾ ಉಕ್ಕು.

ಏನು ಕೆಲಸದ ಚಾಕು

ಅಲಗಿನ ಆಕಾರ ಕೆಲಸ ಹೇಳುತ್ತದೆ. ಗಿಣಿಮೂತಿಯಂತೆ ಒಳಬಾಗಿದ್ದರೆ ಟೊಂಗೆ ಸವರುವುದು. ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ಚಾಟ್ನಿಗೆ, ಅಂದರೆ ಬಳ್ಳಿ ಸವರುವುದಕ್ಕೆ, ಈಗ ಕತ್ತರಿ ಬಂದಿದೆ, ಹಳೆಯ ತೋಟದ ಮನೆಗಳಲ್ಲಿ ಈ ಬಾಗು ಚಾಕು ಇನ್ನೂ ಸಿಗಬಹುದು. ಬಾಯಿ ನೇರ, ಒಂದೇ ಬದಿಗೆ ಹರಿತ ಕೊಟ್ಟು ಇನ್ನೊಂದು ಬದಿ ಹಲಗೆಯಂತೆ ಸಪಾಟಾಗಿದ್ದು, ತುದಿಯಲ್ಲಿ ಹಿತ್ತಾಳೆ ಅಥವಾ ಎಲುಬಿನ ಚಪ್ಪಟೆ ನಾಲಿಗೆ ಇದ್ದರೆ ಅದು ಕಸಿ ಚಾಕು. ನಾಲಿಗೆ ತೊಗಟೆ ಬಿಡಿಸುವುದಕ್ಕೆ. ಇಂಥದ್ದನ್ನು ಸಾಣೆಯವರು ಎರಡೂ ಬದಿ ಮಸೆದುಬಿಟ್ಟರೆ ಕಸಿಗೆ ಬರುವುದಿಲ್ಲ, ಕೋದ ಕಡ್ಡಿ ಸಂದಿಲ್ಲದೆ ಕೂರುವುದಿಲ್ಲ.

ಕಿರುಬೆರಳಿನಷ್ಟು ಸಣ್ಣ ಎರಡನೇ ಅಲಗು ಇದ್ದರೆ ಅದು ಲೇಖನಿ ಚೂಪು ಮಾಡುವುದಕ್ಕೆ ಹುಟ್ಟಿದ್ದು. ಕಪ್ಪು ಚೌಕಳಿ ಹಿಡಿ, ಒಂದು ಅಗಲ ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಬೆನ್ನಿಗೆ ಹಗ್ಗದ ಗಂಟು ಬಿಡಿಸುವ ದಪ್ಪ ಮೊಳೆ, ತುದಿಗೆ ಹಗ್ಗ ಕಟ್ಟುವ ಬಳೆ ಇದ್ದರೆ ಬ್ರಿಟಿಷ್ ಸೈನ್ಯದ ಮಾದರಿ. ಮೂರು ಗೆರೆ ಕೂಡಿದ ಬಾಣದ ಗುರುತು ಸರಕಾರಿ ದಾಸ್ತಾನು ಎಂಬುದಕ್ಕೆ. ಪಕ್ಕದಲ್ಲೇ ಇಸವಿ ಒತ್ತಿರುವುದುಂಟು. ಇಸವಿಯನ್ನು ನೇರವಾಗಿ ಹೇಳುವ ಕೆಲವೇ ಚಾಕುಗಳಲ್ಲಿ ಇದೊಂದು.

ಯಾವ ಅಚ್ಚೂ ಇಲ್ಲದ ಚಾಕು ಬೆಲೆಯಿಲ್ಲದ್ದು ಎಂದು ಬದಿಗಿಡುವುದನ್ನು ನಾವು ಒಪ್ಪುವುದಿಲ್ಲ. ಕಂಬಾರಸಾಲೆಯ ಚಾಕುವಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ, ಒಂದೇ ದಪ್ಪ ರಿವೆಟ್ ಬಿಗಿತದ ಮೇಲೆ ಅಲಗು ನಿಲ್ಲುತ್ತದೆ. ಅಲಗಿನ ಬೆನ್ನಿನ ಹತ್ತಿರ ಪಕ್ಕದ ಬೆಳಕು ಬಿಟ್ಟು ನೋಡಿ. ಒಂದರ ಮೇಲೊಂದು ಅಡ್ಡ ಹಾಯುವ ಸಣ್ಣ ಗೆರೆಗಳ ಸಾಲು ಕಂಡರೆ ಅದು ಹಳೆಯ ಅರ ಬಡಿದು ಮಾಡಿದ ಅಲಗು. ಅರದ ಹಲ್ಲುಗಳು ಸುತ್ತಿಗೆ ಏಟಿಗೆ ಪೂರ್ತಿ ಅಳಿದಿರುವುದಿಲ್ಲ. ಚುಕ್ಕೆ ಹೊಡೆದು ಬರೆದ ಹೆಸರಿನ ಮೊದಲಕ್ಷರ ಇದ್ದರೆ ಮನೆಯ ಹಿರಿಯರನ್ನು ಕೇಳಿ. ಆ ಉತ್ತರ ಯಾವ ಪುಸ್ತಕದಲ್ಲೂ ಸಿಗದು.

ಕೂಡಿಸಿ ನೋಡುವುದು

ಒಂದು ಉದಾಹರಣೆ ಹಿಡಿಯೋಣ. ಮಡಚಿದಾಗ 89 ಮಿಲಿಮೀಟರ್, ಅಂದರೆ ಮೂರೂವರೆ ಇಂಚು, ಎರಡು ಅಲಗು, ಎಮ್ಮೆ ಕೊಂಬಿನ ಹಿಡಿ, ಹಿತ್ತಾಳೆ ಒಳತಗಡು. ದೊಡ್ಡ ಅಲಗಿನ ಬುಡದಲ್ಲಿ ಕಿರೀಟ, 'ಜಿ ಆರ್', ರಾಜರ್ಸ್ ಹೆಸರು, ನಕ್ಷತ್ರ, ಶಿಲುಬೆ. ಅದರದೇ ರಟ್ಟಿನ ಡಬ್ಬಿಯ ಮೇಲೆ ಪೆನ್ಸಿಲ್‌ನಲ್ಲಿ ಒಂದು ರೂಪಾಯಿ ಹನ್ನೆರಡಾಣೆ. ಡಬ್ಬಿ ಜೊತೆಗಿರುವುದರಿಂದ 1830ರ ಹಿಂದಿನ ಮಾತು ಬಿಡಬಹುದು. ಉಳಿದದ್ದು 1910ರಿಂದ 1952, ಮಾರಾಟ 1957ಕ್ಕಿಂತ ಮೊದಲು. ಸಾದಾ ಉಕ್ಕು ಎಂದು 1913ಕ್ಕಿಂತ ಹಳೆಯದು ಎನ್ನುವಂತಿಲ್ಲ, ಸ್ಟೇನ್‌ಲೆಸ್ ಬಂದ ಮೇಲೂ ಸಾದಾ ಉಕ್ಕು ದಶಕಗಟ್ಟಲೆ ನಡೆಯಿತು. ಆದರೆ ಸಣ್ಣ ಅಲಗಿನ ಮೇಲೆ 'ಸ್ಟೇನ್‌ಲೆಸ್' ಎಂದಿದ್ದರೆ? ಆಗ ರಿವೆಟ್ ನೋಡಿ. ಒಂದು ತುದಿಯ ರಿವೆಟ್ ತಲೆ ಹೊಸದಾಗಿ ಹೊಳೆಯುತ್ತಿದ್ದರೆ ಯಾರೋ ಅಲಗು ಬದಲಿಸಿದ್ದಾರೆ. ಹಾಗಿದ್ದರೆ ಆ ಪದ ಅಲಗಿನ ಕಾಲ ಹೇಳುತ್ತದೆ, ಚಾಕುವಿನದಲ್ಲ.

ಮಾರುವ ಯೋಚನೆ ಇದ್ದರೆ ಎರಡು ಕಾನೂನು ತಿಳಿದಿರಲಿ. ದಂತ ಮತ್ತು ಸಾಂಬಾರ್ ಕೋಡಿನ ವ್ಯಾಪಾರಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ, ಚಾಕು ಎಷ್ಟೇ ಹಳೆಯದಿರಲಿ. ಮನೆ, ಹೊಲದ ಕೆಲಸಕ್ಕಲ್ಲದ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಚಾಕು ಶಸ್ತ್ರಾಸ್ತ್ರ ನಿಯಮಗಳಡಿ ಬರುತ್ತದೆ. ಜೇಬಿನ ಚಾಕು ಅಷ್ಟು ದೊಡ್ಡದಿರುವುದಿಲ್ಲ, ಉದ್ದ ಅಲಗಿನ ರಾಂಪುರಿ ಚಾಕು ಇರಬಹುದು.

ಎಲ್ಲ ಬರೆದುಕೊಂಡ ಮೇಲೆ ಅಲಗನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಎದ್ದ ತುಕ್ಕನ್ನು ಮಾತ್ರ ತೆಗೆಯಿರಿ. ಬೂದು ಛಾಯೆ ಇರಲಿ, ಅದು ಉಕ್ಕನ್ನು ಕಾಯುತ್ತದೆ. ಬೆಳಗಾವಿ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟರೆ ತೇವ ಮತ್ತು ಚರ್ಮ ಹದ ಮಾಡಿದ ಉಪ್ಪು ಸೇರಿ ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಹಿತ್ತಾಳೆ ಹಸಿರಾಗುತ್ತದೆ. ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಳತೆ, ಅಚ್ಚಿನ ಅಕ್ಷರ, ಸಿಕ್ಕ ಜಾಗ, ಯಾರದು ಎಂದು ಹಿರಿಯರು ಹೇಳಿದ್ದು, ಇಷ್ಟನ್ನೂ ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಅದರ ಜೊತೆಗೇ ಇಡಿ.